ನೆಲಮಾಳಿಗೆಗೆ ಗಂಟೆ ಬೇಡವಂತೆ

ಬೆಂಕಿ ಬಿದ್ದರೆ ಮೊದಲು ಯಾರು ಓಡಬೇಕು?

ಇದೂ ಒಂದು ಪ್ರಶ್ನೆಯಾ ಅಂತ ನೀವು ನಗಬಹುದು. ಯಾರ ಕಾಲಬುಡದಲ್ಲಿ ಬೆಂಕಿ ಇದೆಯೋ ಅವರು ಓಡಬೇಕು, ಅಷ್ಟೇ ತಾನೆ? ನಿಮಗೆ ಅಷ್ಟೇ. ಇಪ್ಪತ್ತೆರಡು ಅಂತಸ್ತಿನ ಆ ಹೋಟೆಲಿನಲ್ಲಿ ಇದನ್ನು ತೀರ್ಮಾನ ಮಾಡೋಕೆ ದೊಡ್ಡವರೆಲ್ಲ ಮೂರು ಸಲ ಸಭೆ ಸೇರಿದ್ದರು. ಸಭೆಯಲ್ಲಿ ಬಿಸ್ಕತ್ತು ತಿಂದಿದ್ದರು. ಕೊನೆಗೆ ಒಂದು ದೊಡ್ಡ ಹಾಳೆಯಲ್ಲಿ ಗೆರೆ ಎಳೆದು, ಯಾವ ಅಂತಸ್ತಿಗೆ ಮೊದಲು ಗಂಟೆ, ಯಾವ ಅಂತಸ್ತಿಗೆ ಆಮೇಲೆ ಅಂತ ಗುರುತು ಹಾಕಿ, ಆ ಹಾಳೆಯನ್ನು ಅವಳ ಕೈಗೆ ಕೊಟ್ಟಿದ್ದರು.

ಅವಳು ಅಂದರೆ ಬೆಂಕಿ ಗಂಟೆಯ ಪ್ಯಾನೆಲ್‌ಗೆ ಪ್ರೋಗ್ರಾಂ ಹಾಕುವವಳು. ವಯಸ್ಸು ಮೂವತ್ತೆಂಟು. ಎರಡು ಮಕ್ಕಳ ತಾಯಿ. ಹದಿನಾಲ್ಕು ವರ್ಷದಿಂದ ಇದೇ ಕಸುಬು. ಆದರೂ ಅಲ್ಲಿ ಎಲ್ಲರ ಬಾಯಲ್ಲೂ ಅವಳು 'ಪ್ಯಾನೆಲ್ ಹುಡುಗಿ'. ಕೂದಲು ನೆರೆತರೂ ಹುಡುಗಿಯೇ, ಹಲ್ಲು ಉದುರಿದರೂ ಹುಡುಗಿಯೇ. ಒಂದು ಏಜೆನ್ಸಿ ಅವಳನ್ನು ಮೂರು ದಿನದ ಕೆಲಸಕ್ಕೆ ಅಲ್ಲಿಗೆ ಕಳಿಸಿತ್ತು. ಮೂರನೇ ದಿನ ಬೆಳಿಗ್ಗೆ ಅಗ್ನಿಶಾಮಕದ ತಪಾಸಣೆ ಅಧಿಕಾರಿ ಬರುವವನಿದ್ದ. ಅವನು ಒಂದು ಸಹಿ ಗೀಚಿದರೆ ಹೋಟೆಲಿಗೆ ಇನ್ನೊಂದು ವರ್ಷ ನೆಮ್ಮದಿ. ಈ ಕಥೆ ಮುಗಿಯೋ ಹೊತ್ತಿಗೆ ಅವಳ ಕೆಲಸ ಹೋದ ಹಾಗೆಯೇ. ಅದನ್ನ ಈಗಲೇ ಹೇಳಿಬಿಡ್ತೀನಿ, ಆಮೇಲೆ ನೀವು ಅಯ್ಯೋ ಪಾಪ ಅಂತ ಲೊಚಗುಟ್ಟೋದು ಬೇಡ.

ಪ್ಯಾನೆಲ್ ಇದ್ದದ್ದು ಲಾಬಿಯಲ್ಲೇ, ರಿಸೆಪ್ಷನ್ ಮೇಜಿನ ಪಕ್ಕದ ಗೂಡಿನಲ್ಲಿ. ಕೆಂಪು ಬಣ್ಣದ ಕಬ್ಬಿಣದ ಪೆಟ್ಟಿಗೆ. ಅದಕ್ಕೊಂದು ಸಣ್ಣ ಪರದೆ, ಕೆಳಗೆ ಗುಂಡಿಗಳು. ಗೂಡಿಗೆ ಹೂವಿನ ಚಿತ್ರ ಬಿಡಿಸಿದ ಬಾಗಿಲು. ಬೆಂಕಿಯ ಪೆಟ್ಟಿಗೆ ಕಂಡರೆ ಅತಿಥಿಗಳಿಗೆ ಬೆಂಕಿಯ ನೆನಪಾಗುತ್ತೆ, ನೆನಪಾದರೆ ನಿದ್ದೆ ಬರಲ್ಲ ಅಂತ. ಲಾಬಿ ತುಂಬ ಸೋಫಾ. ಅವಳಿಗೆ ಕೂರೋಕೆ ಸಿಕ್ಕಿದ್ದು ಬೋರಲು ಹಾಕಿದ ಒಂದು ಬಕೆಟ್. ನೀರು ಕುಡಿಯಬೇಕಾದರೆ ಹಿಂಬಾಗಿಲಿಗೆ ಹೋಗಬೇಕು. ಕಕ್ಕಸಿಗೆ ಹೋಗಬೇಕಾದರೆ ಹಿಂಬಾಗಿಲಿನ ಹಿಂದೆ ಇನ್ನೊಂದು ಬಾಗಿಲು. ಸಂಜೆ ಹೊತ್ತಿಗೆ ಎರಡೂ ಕಾಲು ಜೋಮು ಹಿಡಿದು, ಎದ್ದರೆ ಗೋಡೆ ಹಿಡಿದೇ ನಿಲ್ಲಬೇಕಿತ್ತು.

ಕೆಲಸ ಇಷ್ಟು. ಅಷ್ಟು ಎತ್ತರದ ಕಟ್ಟಡದಲ್ಲಿ ಎಲ್ಲ ಗಂಟೆಗಳನ್ನೂ ಒಟ್ಟಿಗೆ ಬಾರಿಸೋ ಹಾಗಿಲ್ಲ. ಬಾರಿಸಿದರೆ ಇಪ್ಪತ್ತೆರಡು ಅಂತಸ್ತಿನ ಜನವೂ ಒಂದೇ ಮೆಟ್ಟಿಲಿಗೆ ನುಗ್ಗಿ, ಬೆಂಕಿಗಿಂತ ಮೊದಲು ನೂಕುನುಗ್ಗಲಿಗೇ ಸಾಯುತ್ತಾರೆ. ಅದಕ್ಕೇ ಸರದಿ. ಹೊಗೆ ಕಂಡ ಅಂತಸ್ತು, ಅದರ ಮೇಲಿನದು, ಅದರ ಕೆಳಗಿನದು, ಈ ಮೂರಕ್ಕೆ ಮೊದಲು. ಯಾರಾದರೂ ಹೋಗಿ ನೋಡಿ ಬಂದು ಪ್ಯಾನೆಲ್‌ನಲ್ಲಿ ನಿಲ್ಲಿಸೋ ಗುಂಡಿ ಒತ್ತದಿದ್ದರೆ, ಎರಡು ನಿಮಿಷಕ್ಕೊಮ್ಮೆ ಇನ್ನೂ ಮೂರು ಮೂರು ಅಂತಸ್ತಿಗೆ. ಹೀಗೆ ತುದಿಯವರೆಗೆ.

ಇಷ್ಟು ಸರಳ ಸಂಗತಿ. ಆದರೆ ಗಂಟೆಯೂ ಒಂದು ಮರ್ಯಾದೆ ನೋಡಿ. ಮೊದಲ ದಿನ ಪೂರ್ತಿ ಅವಳ ಬಕೆಟ್ಟಿನ ಮುಂದೆ ದೊಡ್ಡವರ ಸಾಲು. ಪಾರ್ಟಿ ಹಾಲಿನ ಮೇಲ್ವಿಚಾರಕ ಬಂದ. "ನಮ್ಮ ಹಾಲಿಗೆ ಊಟದ ಹೊತ್ತಲ್ಲಿ ಗಂಟೆ ಬೇಡಮ್ಮ. ಸಿಹಿ ಬಡಿಸಿ ಆದ್ಮೇಲೆ ಹೊಡೀಲಿ."

"ಆಗ್ಲಿ ಸಾರ್, ಬೆಂಕಿಗೆ ಹೇಳಿ ನೋಡ್ತೀನಿ."

ಆ ಪುಣ್ಯಾತ್ಮ ಖುಷಿಯಾಗಿ ಹೋದ. ಆಮೇಲೆ ಧಣಿಯ ಕಾರ್ಯದರ್ಶಿ ಬಂದಳು. ಹೋಟೆಲಿನ ಧಣಿ ಇಪ್ಪತ್ತೆರಡನೇ ಅಂತಸ್ತಿನಲ್ಲೇ ವಾಸ. "ಧಣಿಗಳಿಗೆ ಕರ್ಕಶ ಸದ್ದು ಆಗಲ್ಲ. ಮೆತ್ತಗೆ, ಕೊಳಲಿನ ಥರ ಬರುತ್ತಾ? ಇನ್ನೊಂದು ವಿಷಯ. ಬೆಂಕಿ ಎಲ್ಲೇ ಬೀಳ್ಲಿ, ಮೊದಲು ಧಣಿಗಳಿಗೆ ಗೊತ್ತಾಗ್ಬೇಕು. ಬೇರೆಯವರಿಗೆ ಮೊದಲು ಗೊತ್ತಾಗೋದು ಚೆನ್ನಾಗಿರಲ್ಲ." ಹಾಳೆಯಲ್ಲೂ ಹಾಗೇ ಇತ್ತು. ಹೊಗೆ ಯಾವ ಅಂತಸ್ತಿನದಾದರೂ ಸರಿ, ಇಪ್ಪತ್ತೆರಡರ ಮುಂದೆ ಟಿಕ್. ಅವಳು ಹಾಗೇ ಪ್ರೋಗ್ರಾಂ ಹಾಕಿದಳು. ದೊಡ್ಡವರ ಆಸೆ, ತೀರಲಿ ಅಂದುಕೊಂಡಳು.

ನೆಲಮಾಳಿಗೆಯ ಸಾಲಿಗೆ ಬಂದಾಗ ಅವಳ ಬೆರಳು ನಿಂತಿತು. ಆ ಹಾಳೆಯಲ್ಲಿ ಅಡ್ಡ ಸಾಲು ಅಂದರೆ ಹೊಗೆ ಕಂಡ ಜಾಗ. ಉದ್ದ ಸಾಲು ಅಂದರೆ ಗಂಟೆ ಹೊಡೆಯೋ ಜಾಗ. ನೆಲಮಾಳಿಗೆಗೆ ಅಡ್ಡ ಸಾಲು ಇತ್ತು, ಉದ್ದ ಸಾಲು ಇರಲಿಲ್ಲ. ಇದ್ದದ್ದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದರು. ಅಂದರೆ ಕೆಳಗೆ ಹೊಗೆ ಎದ್ದರೆ ಲಾಬಿಗೆ ಗಂಟೆ, ಒಂದನೇ ಅಂತಸ್ತಿಗೆ ಗಂಟೆ, ಧಣಿಗೆ ಗಂಟೆ. ಹೊಗೆಯ ನಡುವೆ ನಿಂತವರಿಗೆ ಮಾತ್ರ ಇಲ್ಲ. ಕೆಳಗಿನವರ ಹೊಗೆ ಬೇಕು, ಕೆಳಗಿನವರು ಬೇಡ.

ಅವಳು ಹಾಳೆಯನ್ನು ಮತ್ತೆ ಮೊದಲಿಂದ ಓದಿದಳು. ಯಾಕೆ ಅಂದರೆ ಆ ನೆಲಮಾಳಿಗೆಯಲ್ಲಿ ಹೋಟೆಲಿನ ಬಟ್ಟೆ ಒಗೆಯೋ ಕೋಣೆ ಇತ್ತು. ಆ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವಳ ಚಿಕ್ಕಮ್ಮ ದುಡಿಯುತ್ತಿದ್ದಳು. ಹೆತ್ತವಳು ಬೇಗ ಕಣ್ಣು ಮುಚ್ಚಿದ ಮೇಲೆ ಇವಳನ್ನು ಸಾಕಿದ್ದು ಆ ಚಿಕ್ಕಮ್ಮನೇ. ಸಾಬೂನಿನ ನೀರಿಗೆ ಸುಕ್ಕುಗಟ್ಟಿದ ಆ ಕೈಯ ತುತ್ತು ತಿಂದೇ ಇವಳು ದೊಡ್ಡವಳಾದದ್ದು, ಆ ಕೈ ದುಡಿದದ್ದರಲ್ಲೇ ಈ ಕಸುಬು ಕಲಿತದ್ದು.

ಹಾಳೆ ಹಿಡಿದುಕೊಂಡು ಮ್ಯಾನೇಜರ್ ಹತ್ತಿರ ಹೋದಳು. ಈ ಮ್ಯಾನೇಜರ್ ಮೈಮೇಲೆ ಒಂದು ಸುಕ್ಕು ಇಲ್ಲ. ಬಟ್ಟೆಯಲ್ಲೂ ಇಲ್ಲ, ಮುಖದಲ್ಲೂ ಇಲ್ಲ, ಮನಸ್ಸಿನಲ್ಲಂತೂ ಇಲ್ಲವೇ ಇಲ್ಲ. ಕೆಳಗಿನ ಹೆಂಗಸರು ಅವನಿಗೆ ಇಸ್ತ್ರಿ ಸಾಹೇಬ ಅಂತ ಹೆಸರಿಟ್ಟಿದ್ದರು. ಅವನ ಕೋಟಿಗೆ ಗೆರೆ ಎಬ್ಬಿಸುತ್ತಿದ್ದವರು ಅವರೇ ಅಲ್ಲವಾ, ಹೆಸರಿಡೋ ಹಕ್ಕೂ ಇತ್ತು.

"ಸಾರ್, ನೆಲಮಾಳಿಗೆಗೆ ಗಂಟೆ ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲ ಹುಡುಗಿ. ತೆಗೆಸಿದೀವಿ. ಅದು ಸ್ಟೋರ್. ಪ್ಯಾನೆಲ್‌ನಲ್ಲಿ ಹಾಗೇ ಟೈಪ್ ಮಾಡು. ಸ್ಟೋರ್, ಜನ ಇಲ್ಲ."

"ಜನ ಇದ್ದಾರಲ್ಲ ಸಾರ್. ನಲವತ್ತು ನಲವತ್ತೊಂದು ಜನ."

"ಅವರು ನಮ್ಮವರಲ್ಲ. ಕಾಂಟ್ರಾಕ್ಟಿನವರು."

"ಬೆಂಕಿಗೆ ಕಾಂಟ್ರಾಕ್ಟ್ ಕಾಗದ ತೋರಿಸ್ಬೇಕಾ ಸಾರ್?"

ಇಸ್ತ್ರಿ ಸಾಹೇಬ ನಕ್ಕ. ನಗುವಾಗಲೂ ಮುಖದಲ್ಲಿ ಒಂದು ಗೆರೆ ಏಳಲಿಲ್ಲ. "ನೀನೂ ಕಾಂಟ್ರಾಕ್ಟಿನವಳೇ ಅಲ್ವಾ? ಹೇಳಿದ್ದಷ್ಟು ಟೈಪ್ ಮಾಡು. ಕೆಳಗೆ ಇಳಿಯೋ ಮೆಟ್ಟಿಲಿನ ಬಾಗಿಲಿಗೆ ವಿದ್ಯುತ್ ಬೀಗ ಇದೆ. ಗಂಟೆ ಹೊಡೆದ್ರೆ ಆ ಬೀಗ ಬಿಟ್ಕೊಳ್ಳೋ ಹಾಗಿದೆಯಂತೆ. ಅದನ್ನೂ ತೆಗಿ. ಸುಮ್ಸುಮ್ನೆ ಬಾಗಿಲು ತೆಗೆದ್ರೆ ಅವೆಲ್ಲ ಮೇಲೆ ಬರ್ತವೆ."

ಬರ್ತವೆ ಅಂದ. ಬರ್ತಾರೆ ಅನ್ನಲಿಲ್ಲ.

ಅವಳು ಬಂದು ಬಕೆಟ್ಟಿನ ಮೇಲೆ ಕೂತಳು. ಮೈಯೆಲ್ಲ ಉರಿಯುತ್ತಿತ್ತು. ಏಜೆನ್ಸಿಯವನಿಗೆ ಫೋನ್ ಮಾಡಿದಳು. "ನಿನಗ್ಯಾಕಮ್ಮ ಊರ ಉಸಾಬರಿ? ಗಿರಾಕಿ ಹೇಳಿದ್ದು ಹಾಕಿ ಬಾ," ಅಂತ ಅವನು ಕೈತೊಳೆದುಕೊಂಡ.

ಎರಡನೇ ದಿನ ಇನ್ನೊಂದು ವಿಚಿತ್ರ ಕಂಡಿತು. ಕಟ್ಟಡದ ಛಾವಣಿಯಲ್ಲೆಲ್ಲ ಹೊಗೆ ಹಿಡಿಯೋ ಬಿಲ್ಲೆಗಳು ಇರುತ್ತವೆ. ಅದರೊಳಗೆ ಎಷ್ಟು ಧೂಳಿದೆ, ಎಷ್ಟು ಹೊಗೆಯಿದೆ ಅಂತ ಪರದೆಯ ಮೇಲೆ ಅಂಕಿ ಬರುತ್ತೆ. ಒಂಬತ್ತನೇ ಅಂತಸ್ತಿನಲ್ಲಿ ಯಾರೋ ಅತಿಥಿ ಕದ್ದು ಬೀಡಿ ಸೇದಿದರೂ ಅಂಕಿ ಕುಣಿಯುತ್ತೆ. ನೆಲಮಾಳಿಗೆಯ ಹನ್ನೊಂದು ಬಿಲ್ಲೆಗಳ ಅಂಕಿ ಮಾತ್ರ ಸೊನ್ನೆ. ಅವಳು ಹಿಂದಿನ ದಾಖಲೆ ತೆಗೆದು ನೋಡಿದಳು. ಒಂದು ವರ್ಷದಿಂದ ಸೊನ್ನೆ. ಸಾವಿರ ಚಾದರ ಒಣಗೋ, ನೂಲಿನ ಧೂಳು ಹಾರೋ, ಹಬೆ ಏಳೋ ಜಾಗದಲ್ಲಿ ಗಾಳಿ ಅಷ್ಟು ಶುದ್ಧವಾ? ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲೂ ಅಷ್ಟು ಶುದ್ಧ ಇರಲ್ಲ.

ಬಿಲ್ಲೆ ಕೆಟ್ಟಿದೆ ಅಂತ ಕಾವಲಿನವನಿಗೆ ಹೇಳಿ, ಅವನ ಕಾರ್ಡ್‌ನಿಂದ ಬಾಗಿಲು ತೆಗೆಸಿಕೊಂಡು, ಮೆಟ್ಟಿಲಿಳಿದಳು. ಹಿಂದೆ ಬಾಗಿಲು ಟಕ್ಕೆಂದು ಬೀಗ ಹಾಕಿಕೊಂಡಿತು.

ಕೆಳಗೆ ಮೊದಲು ಮುಖಕ್ಕೆ ಬಡಿದದ್ದು ಬಿಸಿ. ಆಮೇಲೆ ಸದ್ದು. ಸಾಲಾಗಿ ಒಗೆಯೋ ಯಂತ್ರ, ಸಾಲಾಗಿ ಒಣಗಿಸೋ ಯಂತ್ರ. ನಡುವೆ ಚಾದರಗಳನ್ನು ನುಂಗಿ ಇಸ್ತ್ರಿ ಮಾಡಿ ಉಗುಳೋ ಉದ್ದನೆಯ ಉರುಳೆ. ಆ ಉರುಳೆಯ ಬಾಯಿಗೆ ಒದ್ದೆ ಚಾದರ ಕೊಡುತ್ತಿದ್ದವಳು ಚಿಕ್ಕಮ್ಮ. ಎರಡೂ ಕೈ ಚಾಚಿ, ಮೂಲೆ ಹಿಡಿದು, ಒದರಿ, ಕೊಡೋದು. ಮತ್ತೆ ಒಂದು. ಮತ್ತೆ ಒಂದು. ಪಾದ ನೀರಲ್ಲಿ, ಮುಖ ಹಬೆಯಲ್ಲಿ. ರೆಪ್ಪೆಯ ಮೇಲೆ, ಮೂಗಿನ ತುದಿಯಲ್ಲಿ, ಕೂದಲಲ್ಲಿ ಬಿಳಿ ನೂಲಿನ ಧೂಳು. ಬೆರಳ ಸಂದಿಯೆಲ್ಲ ಸಾಬೂನು ತಿಂದು ಸೀಳಿತ್ತು. ಸಂಜೆ ಮನೆಗೆ ಬರೋ ಚಿಕ್ಕಮ್ಮನನ್ನು ಇವಳು ಜೀವಮಾನವೆಲ್ಲ ನೋಡಿದ್ದಳು. ದುಡಿಯೋ ಚಿಕ್ಕಮ್ಮನನ್ನು ಕಂಡದ್ದು ಅವತ್ತೇ.

ಆಮೇಲೆ ತಲೆಯೆತ್ತಿ ಛಾವಣಿ ನೋಡಿದಳು. ಹನ್ನೊಂದು ಬಿಲ್ಲೆಗಳಿಗೂ ಟೋಪಿ! ಅತಿಥಿಗಳು ಸ್ನಾನ ಮಾಡುವಾಗ ತಲೆ ನೆನೆಯದಿರಲಿ ಅಂತ ಕೋಣೆಗಳಲ್ಲಿ ಇಡುವ ಪ್ಲಾಸ್ಟಿಕ್ ಟೋಪಿ. ಅಂಚಿಗೆ ರಬ್ಬರು, ಮೇಲೆ ಹೋಟೆಲಿನ ಚಿನ್ನದ ಬಣ್ಣದ ಮುದ್ರೆ. ಬಿಲ್ಲೆಗಳೆಲ್ಲ ಸ್ನಾನಕ್ಕೆ ಹೊರಟ ಹಾಗೆ ಅಚ್ಚುಕಟ್ಟಾಗಿ ಹಾಕಿಕೊಂಡು ಕೂತಿದ್ದವು.

"ಇದ್ಯಾರು ಹಾಕಿದ್ದು ಚಿಕ್ಕಮ್ಮ?"

"ನಾವೇ," ಅಂದಳು ಚಿಕ್ಕಮ್ಮ, ಕೈ ನಿಲ್ಲಿಸದೆ. "ಕಳ್ಳಿ ಥರ ನೋಡ್ಬೇಡ. ಹೋದ ವರ್ಷ ಈ ಉರುಳೆಯ ಹಬೆಗೇ ಗಂಟೆ ಹೊಡ್ಕೊಳ್ತು. ಬಾಗಿಲು ತಾನೇ ತೆಗೀತು. ಪ್ರಾಣ ಭಯ, ಎಲ್ಲರೂ ಮೇಲೆ ಓಡಿದ್ವಿ. ಒದ್ದೆ ಕಾಲು, ಒದ್ದೆ ಬಟ್ಟೆ, ಆ ಅಮೃತಶಿಲೆ ನೆಲ. ಅತಿಥಿಗಳು ಮೂಗು ಮುಚ್ಕೊಂಡ್ರು. ಇಬ್ಬರು ಫೋಟೋ ತೆಗೆದ್ರು. ಆಮೇಲೆ ನಿಮ್ಮ ಇಸ್ತ್ರಿ ಸಾಹೇಬ ನಮ್ಮನ್ನೆಲ್ಲ ಮಂಡಿ ಊರಿಸಿ, ನಾವು ನಡೆದ ಜಾಗ ಪೂರ್ತಿ ಒರೆಸಿಸ್ದ. ಉಟ್ಟ ಬಟ್ಟೆ ಸೆರಗಲ್ಲೇ. ಬಟ್ಟೆ ತಂದು ಒರೆಸ್ತೀವಿ ಅಂದ್ರೆ ಬಿಡ್ಲಿಲ್ಲ. ಮೂರ್ಹೊತ್ತೂ ಅವನ ಅತಿಥಿಗಳ ಕೊಳೆ ತೊಳೆಯೋರು ನಾವು. ನಮ್ಮ ಕಾಲಿನ ನೀರು ಕೊಳೆ ಆಯ್ತು."

"ಅದಕ್ಕೆ ಟೋಪಿ ಹಾಕಿದ್ರಾ?"

"ಮತ್ತೆ? ಗಂಟೆನ ಅವರು ಕಿತ್ಕೊಂಡ್ರು, ಬಿಲ್ಲೆಗೆ ನಾವು ಟೋಪಿ ಹಾಕಿದ್ವಿ. ಇಲ್ಲಿ ಹಬೆ ಎದ್ದು ಮೇಲೆ ಹೊಡ್ಕೊಂಡ್ರೂ ಬೈಸ್ಕೊಳ್ಳೋರು ನಾವೇ."

ನೋಡಿ, ಬುದ್ಧಿವಂತರು ಮಾಡೋ ತಪ್ಪು ಬೇರೆ, ಮಂಡಿ ಊರಿದವರು ಮಾಡೋ ತಪ್ಪು ಬೇರೆ. ತಮ್ಮ ಜೀವ ಉಳಿಸೋ ಕಣ್ಣಿಗೆ ತಾವೇ ಬಟ್ಟೆ ಕಟ್ಟಿದ್ದರು, ಆ ಕಣ್ಣು ತೆರೆದಾಗಲೆಲ್ಲ ಅವಮಾನ ಆಗುತ್ತೆ ಅಂತ.

ಅವಳು ಹಾಳೆ ತೋರಿಸಿದಳು. ಕೆಂಪು ಗೆರೆ ತೋರಿಸಿದಳು. "ಬೀಗನೂ ಬಿಟ್ಕೊಳ್ಳಬಾರ್ದು ಅಂತಿದ್ದಾನೆ. ನಾನು ಗಂಟೆ ವಾಪಸ್ ಹಾಕ್ತೀನಿ ಚಿಕ್ಕಮ್ಮ. ನೀವು ಟೋಪಿ ತೆಗೀರಿ."

ಚಿಕ್ಕಮ್ಮ ಉರುಳೆ ನಿಲ್ಲಿಸಿದಳು. ಒಬ್ಬೊಬ್ಬರೇ ಹೆಂಗಸರು ಸುತ್ತ ಬಂದು ನಿಂತರು.

"ನಿನಗೇನಮ್ಮ, ನೀನು ಗಂಟೆ ಹಾಕಿ ಮನೆಗೆ ಹೋಗ್ತೀಯ. ಅದು ಹೊಡೆದಾಗ ಮಂಡಿ ಊರೋರು ನಾವು. ಬೇಡ. ಬೆಂಕಿಗಿಂಕಿ ನಾವೇ ನೋಡ್ಕೊಳ್ತೀವಿ. ಹೋದ ತಿಂಗಳು ಮೂರನೇ ಒಣಗಿಸೋ ಯಂತ್ರದ ಹಿಂದೆ ನೂಲಿನ ಕಸಕ್ಕೆ ಹತ್ಕೊಳ್ತು. ಒದ್ದೆ ಚಾದರ ಹಾಕಿ ತುಳಿದು ಆರಿಸ್ಲಿಲ್ವಾ? ಎರಡೇ ನಿಮಿಷ. ಯಾರಿಗೂ ಏನೂ ಆಗ್ಲಿಲ್ಲ."

"ನನಗೆ ಆಯ್ತಲ್ಲ ಅಕ್ಕ."

ಹಾಗಂದವಳು ಚಾದರ ಮಡಿಸೋಳು. ಎಲ್ಲರ ಹಿಂದೆ ನಿಂತಿದ್ದಳು. ಬಾಣಂತನ ಮುಗಿಸಿ ಕೆಲಸಕ್ಕೆ ಬಂದು ಇನ್ನೂ ನಾಲ್ಕು ತಿಂಗಳು. ಅವಳು ಏನೂ ಹೇಳದೆ ತೋಳು ಮೇಲೆ ಸರಿಸಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಕ್ಕು ಸುಕ್ಕಾಗಿ, ಕೆಂಪಗೆ ಹೊಳೆಯುತ್ತಿತ್ತು. ಆ ಕೈಯಲ್ಲೇ ಮಾರನೇ ದಿನದಿಂದ ಮಡಿಸಿದ್ದಳು. ಗಾಯದ ನೀರು ಹತ್ತಿ ಎರಡು ಚಾದರ ಕಲೆಯಾದವು ಅಂತ ಅದಕ್ಕೂ ಬೈಸಿಕೊಂಡಿದ್ದಳು.

"ಮಗುನ ಈ ಕಡೆ ಎತ್ಕೊಳ್ಳೋಕೆ ಆಗಲ್ಲ ಅಕ್ಕ," ಅಂದಳು. "ಏನೂ ಆಗ್ಲಿಲ್ಲ ಅನ್ನಬೇಡಿ."

ಚಿಕ್ಕಮ್ಮ ಆ ಕೈಯನ್ನೇ ನೋಡುತ್ತಾ ನಿಂತಳು. ಅವಳ ಮುಖ ಮೊದಲು ಬಾಡಿತು, ಆಮೇಲೆ ಕೆಂಪಾಯಿತು. ಥೂ ಅಂತ ಉಗಿದಳು. ಯಾರಿಗೆ ಉಗಿದಳೋ, ತನಗೋ, ಮೇಲಿನವರಿಗೋ. ಮೂಲೆಯಲ್ಲಿದ್ದ ಉದ್ದದ ಕೋಲು ಎತ್ತಿಕೊಂಡು ಮೊದಲನೇ ಬಿಲ್ಲೆಯ ಟೋಪಿ ಹಾರಿಸಿದಳು. ಎರಡನೇದು. ಮೂರನೇದು. ಹನ್ನೊಂದೂ ನೆಲಕ್ಕೆ ಬಿದ್ದವು.

"ನಮ್ಮ ಗಂಟೆ ಎಲ್ಲೇ?" ಅಂದಳು.

ಗಂಟೆ ಅಲ್ಲೇ ಇತ್ತು. ಕಿತ್ತವರು ಮೂಲೆಗೆ ಎಸೆದು ಹೋಗಿದ್ದರು. ಅದರ ಕೆಂಪು ಬಟ್ಟಲನ್ನು ಹೆಂಗಸರು ಅತಿಥಿಗಳ ಅಂಗಿಯಿಂದ ಉದುರಿದ ಗುಂಡಿಗಳನ್ನು ಹಾಕೋಕೆ ಇಟ್ಟುಕೊಂಡಿದ್ದರು. ಗುಂಡಿಗಳನ್ನು ಸುರಿದು, ಒರೆಸಿ, ಬಟ್ಟೆ ಗಾಡಿಯ ಮೇಲೆ ನಿಂತು ಅವಳು ಅದನ್ನು ಹಳೆಯ ಜಾಗಕ್ಕೇ ತಿರುಪು ಹಾಕಿದಳು. ಚಿಕ್ಕಮ್ಮ ಗಾಡಿ ಹಿಡಿದಿದ್ದಳು. ಮೆಟ್ಟಿಲ ಪಕ್ಕ ಗೋಡೆಯಲ್ಲಿ ಒಂದು ಸಣ್ಣ ಕೆಂಪು ಡಬ್ಬಿ ಇತ್ತು, ಮುಂದೆ ಗಾಜು.

"ಇದೇನು?"

"ಬೆಂಕಿ ಕಂಡೋರು ಒತ್ತೋದು. ಒತ್ತಿದ್ರೆ ಗಂಟೆ ಹೊಡಿಯುತ್ತೆ, ಬೀಗ ಬಿಡುತ್ತೆ."

"ಯಾರು ಬೇಕಾದ್ರೂ ಒತ್ತಬಹುದಾ?"

"ಯಾರು ಬೇಕಾದ್ರೂ. ತಾಲೀಮಿಗೂ ಒತ್ತಬಹುದು."

ಚಿಕ್ಕಮ್ಮ ಗಾಜಿನ ಮೇಲೆ ಬೆರಳಾಡಿಸಿದಳು. "ನಾಳೆ ಆ ಅಧಿಕಾರಿ ಎಷ್ಟೊತ್ತಿಗೆ ಬರ್ತಾನೆ?"

"ಹತ್ತಕ್ಕೆ."

"ಹಾಗಾದ್ರೆ ಹತ್ತೂವರೆಗೆ ಯಂತ್ರ ಎಲ್ಲ ನಿಲ್ಲಿಸಿ ನಾನೇ ಒತ್ತುತ್ತೀನಿ. ಅವನಂತೂ ಕೆಳಗೆ ಬರಲ್ಲ. ನಾವೇ ಹೋಗಿ ಕಾಣಿಸ್ಕೊಳ್ಳೋಣ." ಆಮೇಲೆ ಹೆಂಗಸರ ಕಡೆ ತಿರುಗಿದಳು. "ಬರೋರು ಬನ್ನಿ, ಬರದೋರು ಇರಿ. ನನ್ನದೇನೂ ಬಲವಂತ ಇಲ್ಲ."

ಒಬ್ಬೊಬ್ಬರೇ ಹೆಂಗಸರು ಯಂತ್ರಗಳ ಕಡೆ ತಿರುಗಿದರು. ಮಡಿಸೋಳು ತೋಳು ಕೆಳಗೆ ಎಳೆದುಕೊಂಡು ಕೆಲಸಕ್ಕೆ ಹೋದಳು.

ಬಾಗಿಲು ಬಡಿದು ಕಾವಲಿನವನಿಂದ ತೆಗೆಸಿಕೊಂಡು, ಮೇಲೆ ಬಂದು ಅವಳು ನೆಲಮಾಳಿಗೆಯ ಉದ್ದ ಸಾಲನ್ನು ಪ್ಯಾನೆಲ್‌ಗೆ ಸೇರಿಸಿದಳು. ಗಂಟೆ ಸೇರಿಸಿದಳು, ಬೀಗ ಸೇರಿಸಿದಳು. ಜಾಗದ ಹೆಸರು ಕೇಳಿದ ಕಡೆ, ಬಟ್ಟೆ ಕೋಣೆ, 41 ಜನ ಅಂತ ಟೈಪ್ ಮಾಡಿದಳು. ಒಂದೊಂದೇ ಅಕ್ಷರ ಮತ್ತೆ ಓದಿ, ಗೂಡಿನ ಬಾಗಿಲು ಮುಚ್ಚಿದಳು.

ಮೂರನೇ ದಿನ ಹತ್ತಕ್ಕೆ ಅಧಿಕಾರಿ ಬಂದ. ಹಲ್ಲುನೋವು ಬಂದವನ ಮುಖ. ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಫಾರಂ ತುಂಬಿದರೆ ಅವನ ಜನ್ಮ ಸಾರ್ಥಕ. ಇಸ್ತ್ರಿ ಸಾಹೇಬ ಒಂಬತ್ತನೇ ಅಂತಸ್ತಿನಲ್ಲಿ ನಾಟಕ ಸಜ್ಜು ಮಾಡಿಟ್ಟಿದ್ದ. ಅಲ್ಲಿ ಒಂದು ಡಬ್ಬಿಯಿಂದ ಹೊಗೆ ಬಿಡೋದು, ಅತಿಥಿಗಳ ವೇಷ ಹಾಕಿದ ಆರು ಜನ ನೌಕರರು ನಗುನಗುತ್ತಾ ಮೆಟ್ಟಿಲಿಳಿದು ಬರೋದು. ಬೆಂಕಿ ಬಿದ್ದವರು ನಗೋದನ್ನು ನೀವೆಲ್ಲಾದರೂ ನೋಡಿದ್ದೀರಾ? ಅಲ್ಲಿ ನೋಡಬಹುದಿತ್ತು.

ಹಣ್ಣಿನ ರಸ ಕುಡಿದಾಯಿತು. ಹತ್ತೂಕಾಲು. ಇಸ್ತ್ರಿ ಸಾಹೇಬ ಫಾರಂ ಅವಳ ಮುಂದೆ ಹಿಡಿದ. "ಮೊದಲು ಪ್ಯಾನೆಲ್ ಹಾಕಿದೋರ ಸಹಿ ಬೇಕಂತೆ. ಹಾಕು ಹುಡುಗಿ."

ಅವಳು ಓದಿದಳು. ನೆಲಮಾಳಿಗೆ: ಸ್ಟೋರ್. ಜನ: ಇಲ್ಲ.

"ಹಾಕಲ್ಲ."

"ಏನಂದೆ?"

"ಸಹಿ ಹಾಕಲ್ಲ ಅಂದೆ ಸಾರ್. ಸುಳ್ಳು ಬರೆದಿದೆ."

ಲಾಬಿಯಲ್ಲಿ ಹೂವು ಜೋಡಿಸುತ್ತಿದ್ದವನೂ ತಿರುಗಿ ನೋಡಿದ. ಅಧಿಕಾರಿ ಹುಬ್ಬು ಗಂಟಿಕ್ಕಿದ. "ಏನಮ್ಮ ಅದು?"

"ಕೆಳಗೆ ನಲವತ್ತೊಂದು ಜನ ದುಡೀತಾರೆ. ಇಲ್ಲ ಅಂತ ಬರೆದಿದ್ದಾರೆ."

"ಹುಡುಗಿಗೆ ತಲೆ ಸರಿ ಇಲ್ಲ ಸಾರ್," ಅಂದ ಇಸ್ತ್ರಿ ಸಾಹೇಬ. ಅವಳ ಕಿವಿಯ ಹತ್ತಿರ ಬಗ್ಗಿ ಹಲ್ಲು ಕಚ್ಚಿದ. "ನಿನ್ನ ಏಜೆನ್ಸಿಗೆ ಒಂದು ಫೋನ್ ಸಾಕು. ಈ ಊರಲ್ಲಿ ಎಲ್ಲೂ ಒಂದು ತಿರುಪು ಮುಟ್ಟದ ಹಾಗೆ ಮಾಡ್ತೀನಿ."

"ಮಾಡಿ ಸಾರ್. ಸಹಿ ಮಾತ್ರ ಹಾಕಲ್ಲ." ಫಾರಂ ತಗೊಂಡು ಅಧಿಕಾರಿಯ ಕೈಗೇ ಕೊಟ್ಟಳು.

ಅಧಿಕಾರಿಗೆ ಬೇಜಾರಾಯಿತು. ಅವನ ಫಾರಂನಲ್ಲಿ ಒಂದು ಖಾನೆ ಖಾಲಿ ಉಳಿದಿತ್ತು. "ನೋಡ್ರೀ, ನನಗೆ ಒಂದೇ ಮಾತು ಹೇಳಿ. ಕೆಳಗೆ ಜನ ಇದ್ದಾರೋ, ಇಲ್ವೋ?"

"ಒಬ್ಬರೂ ಇಲ್ಲ ಸಾರ್," ಅಂದ ಇಸ್ತ್ರಿ ಸಾಹೇಬ. "ನಾನು ಗ್ಯಾರಂಟಿ."

ಅವಳು ಗೋಡೆಯ ಗಡಿಯಾರ ನೋಡುತ್ತಾ ನಿಂತಳು. ಇನ್ನೂ ಹತ್ತು ನಿಮಿಷ. ಅಧಿಕಾರಿ ಫಾರಂ ಮಡಿಸಿದ, ಬಿಡಿಸಿದ. ಇಸ್ತ್ರಿ ಸಾಹೇಬ ಏಜೆನ್ಸಿಯವನಿಗೆ ಫೋನ್ ಮಾಡಿ ಕೂಗಾಡಿದ. ಬೇರೆ ಯಾರನ್ನಾದರೂ ಕಳಿಸು, ಸಹಿಗೆ ಒಂದು ಕೈ ಇದ್ದರೆ ಸಾಕು ಅಂದ. ಚಿಕ್ಕಮ್ಮ ಹೆದರಿಬಿಟ್ಟಳಾ? ಹೆಂಗಸರು ಬೇಡ ಅಂದರಾ? ಅವಳ ಕಣ್ಣು ಮೂಲೆಯಲ್ಲಿದ್ದ ನೆಲಮಾಳಿಗೆಯ ಬಾಗಿಲಿನ ಕಡೆಗೇ ಹೋಯಿತು.

ಹತ್ತೂವರೆಗೆ ಸರಿಯಾಗಿ ಕೆಳಗಿನಿಂದ ಗಂಟೆ ಕೇಳಿಸಿತು. ಮರುಕ್ಷಣ ಲಾಬಿಯ ಗಂಟೆ, ಒಂದನೇ ಅಂತಸ್ತಿನ ಗಂಟೆ, ಆಕಾಶದಷ್ಟು ಮೇಲೆ ಇಪ್ಪತ್ತೆರಡನೇ ಅಂತಸ್ತಿನ ಗಂಟೆ. ಕೊಳಲೂ ಇಲ್ಲ, ಗಿಳಲೂ ಇಲ್ಲ, ಕಿವಿ ಹರಿಯೋ ಗಂಟೆ. ಲಿಫ್ಟುಗಳೆಲ್ಲ ಕೆಳಗೆ ಬಂದು ಬಾಯಿ ತೆರೆದು ನಿಂತವು. ಪರದೆಯ ಮೇಲೆ ಕೆಂಪು ಅಕ್ಷರ. ಅಧಿಕಾರಿ ಕನ್ನಡಕ ಹಾಕಿಕೊಂಡು ಓದಿದ. "ಬಟ್ಟೆ ಕೋಣೆ, 41 ಜನ."

ಮೂಲೆಯ ಬಾಗಿಲು ತೆರೆಯಿತು. ಮೊದಲು ಚಿಕ್ಕಮ್ಮ. ಹಿಂದೆ ಎಲ್ಲರೂ. ಎಲ್ಲರಿಗಿಂತ ಕೊನೆಗೆ ಮಡಿಸೋಳು. ಬರೋರು ಬನ್ನಿ ಅಂದಿದ್ದಕ್ಕೆ ಒಬ್ಬಳೂ ಉಳಿದಿರಲಿಲ್ಲ. ಸ್ಟೋರು ಮೆಟ್ಟಿಲು ಹತ್ತಿಕೊಂಡು ಬಂತು. ಒದ್ದೆ ಕಾಲಿನಲ್ಲಿ, ಒದ್ದೆ ಬಟ್ಟೆಯಲ್ಲಿ, ಕೂದಲ ತುಂಬ ಬಿಳಿ ಧೂಳು ಹೊತ್ತು, ಅಮೃತಶಿಲೆಯ ಮೇಲೆ ಪಚ ಪಚ ಹೆಜ್ಜೆ ಮೂಡಿಸಿಕೊಂಡು ಬಂದು, ಲಾಬಿಯ ನಡುಮಧ್ಯೆ ಸಾಲಾಗಿ ನಿಂತಿತು.

ಇಸ್ತ್ರಿ ಸಾಹೇಬ ಇಂಗು ತಿಂದ ಮಂಗನ ಹಾಗಾದ. "ನಿಲ್ಸು! ಮೊದಲು ಆ ಗಂಟೆ ನಿಲ್ಸು!"

ಅವಳು ಕೈಕಟ್ಟಿ ನಿಂತಳು. "ಹೋಟೆಲಿನ ಜವಾಬ್ದಾರಿ ಹೊತ್ತೋರು ಜಾಗಕ್ಕೆ ಹೋಗಿ, ಕಣ್ಣಾರೆ ನೋಡಿ ಬಂದು ಹೇಳಿದ ಮೇಲೇ ನಿಲ್ಲಿಸ್ಬೇಕು. ಫಾರಂನಲ್ಲೇ ಇದೆ."

ಅಧಿಕಾರಿ ಫಾರಂ ತಿರುಗಿಸಿ ನೋಡಿದ. "ಹೌದ್ರೀ, ಇದೆ. ಹೋಗಿ ಬನ್ನಿ."

"ನಾನಾ?"

"ನೀವೇ ತಾನೆ ಗ್ಯಾರಂಟಿ ಕೊಟ್ಟಿದ್ದು?"

ಇಸ್ತ್ರಿ ಸಾಹೇಬ ಎರಡು ಹೆಜ್ಜೆ ಹೋದ, ನಿಂತ, ಅಡಿಗೆಮನೆ ಕಡೆ ತಿರುಗಿದ, ಮತ್ತೆ ನಿಂತ. ಆ ಹೋಟೆಲಿನಲ್ಲಿ ಎಂಟು ವರ್ಷದಿಂದ ಮ್ಯಾನೇಜರ್. ಒಂದು ದಿನವೂ ಕೆಳಗೆ ಇಳಿದವನಲ್ಲ. ಈಗ ತಾನೇ ಅಷ್ಟು ಜನ ಹೊರಗೆ ಬಂದ ಬಾಗಿಲೂ ಗಾಬರಿಗೆ ಕಣ್ಣಿಗೆ ಬೀಳಲಿಲ್ಲ.

"ಹೀಗೆ ಸಾರ್," ಅಂತ ಚಿಕ್ಕಮ್ಮ ಕೈ ತೋರಿಸಿದಳು. "ಹನ್ನೆರಡನೇ ಮೆಟ್ಟಿಲು ಜಾರುತ್ತೆ, ನೋಡ್ಕೊಂಡು ಇಳೀರಿ."

ಅವನು ಇಳಿದ. ಎರಡು ನಿಮಿಷವಾಯಿತು. ಎರಡು, ಮೂರು, ನಾಲ್ಕನೇ ಅಂತಸ್ತಿಗೆ ಗಂಟೆ. ಜನ ಮೆಟ್ಟಿಲಲ್ಲಿ ಇಳಿದು ಬರತೊಡಗಿದರು. ಯಾರೂ ನಗುತ್ತಿರಲಿಲ್ಲ. ಇನ್ನೂ ಎರಡು ನಿಮಿಷ. ಐದು, ಆರು, ಏಳು. ಪಾರ್ಟಿ ಹಾಲಿನ ಮೇಲ್ವಿಚಾರಕ ತಲೆಯ ಮೇಲೆ ಕೈ ಹೊತ್ತು ಬಂದ. ಅತಿಥಿಗಳಲ್ಲಿ ಯಾರೋ ಒಬ್ಬಳು ನೆಲ ನೋಡಿ ಮುಖ ಸಿಂಡರಿಸಿ, "ಇದನ್ನ ಒರೆಸೋರು ಯಾರೂ ಇಲ್ವಾ?" ಅಂದಳು.

"ಸಾಲು ಬಿಟ್ಟು ಅಲ್ಲಾಡೋ ಹಾಗಿಲ್ಲಮ್ಮ," ಅಂದಳು ಚಿಕ್ಕಮ್ಮ. "ಬೆಂಕಿ ನಿಯಮ."

ಅಧಿಕಾರಿ ಪೆನ್ನು ತೆಗೆದ. "ಕೆಳಗಿಂದ ಬಂದೋರೆಲ್ಲ ಎಣಿಸ್ಕೊಳ್ಳಿ. ಜೋರಾಗಿ."

ಒಂದು ಅಂದಳು ಚಿಕ್ಕಮ್ಮ. ಎರಡು ಅಂದಳು ಪಕ್ಕದವಳು. ಗಂಟೆಯ ಸದ್ದಿನ ಮೇಲೆ ಒಬ್ಬೊಬ್ಬಳೂ ತನ್ನನ್ನು ತಾನೇ ಕೂಗಿಕೊಂಡಳು. ಮೊದಮೊದಲು ದನಿ ಅಡಗಿತ್ತು. ಹತ್ತು ದಾಟಿದ ಮೇಲೆ ಬಿಚ್ಚಿಕೊಂಡಿತು. ಇಪ್ಪತ್ತರ ಹೊತ್ತಿಗೆ ಕೂಗು, ಮೂವತ್ತರ ಹೊತ್ತಿಗೆ ಆರ್ಭಟ. ಸಾಲಿನ ತುದಿಯಲ್ಲಿದ್ದ ಮಡಿಸೋಳು ಸುಟ್ಟ ಕೈ ಎತ್ತಿ ನಲವತ್ತೊಂದು ಅಂದಳು.

ಆಗ ಮೂಲೆಯ ಬಾಗಿಲಿನಿಂದ ಇಸ್ತ್ರಿ ಸಾಹೇಬ ಹೊರಬಿದ್ದ. ಮಂಡಿಯವರೆಗೆ ಪ್ಯಾಂಟು ಒದ್ದೆ. ಕೋಟು ಮುದ್ದೆ. ತಲೆ ತುಂಬ ನೂಲಿನ ಧೂಳು. ಹನ್ನೆರಡನೇ ಮೆಟ್ಟಿಲು ತನ್ನ ಕೆಲಸ ಮಾಡಿತ್ತು.

"ನಲವತ್ತೆರಡು!" ಅಂದಳು ಚಿಕ್ಕಮ್ಮ.

ಅಧಿಕಾರಿ ಪೆನ್ನು ನಿಲ್ಲಿಸಿದ. "ಇವರೂನಾ?"

"ಕೆಳಗಿಂದ ಬಂದ್ರಲ್ಲ ಸಾರ್. ಕೆಳಗಿಂದ ಬಂದೋರೆಲ್ಲ ಎಣಿಸ್ಕೊಳ್ಳಿ ಅಂದೋರು ನೀವೇ."

ಸಾಲಿನಲ್ಲಿ ಕಿಸಕ್ಕೆಂದು ಶುರುವಾದ ನಗು ಆ ತುದಿಯವರೆಗೆ ಹೋಯಿತು. ಮೆಟ್ಟಿಲ ಕಡೆಯಿಂದ ಇನ್ನೊಬ್ಬ ಏದುಸಿರು ಬಿಡುತ್ತಾ ಬಂದ. ಸ್ನಾನದ ನಿಲುವಂಗಿ, ಬರಿಗಾಲು. ಇಪ್ಪತ್ತೆರಡು ಅಂತಸ್ತು ನಡೆದು ಇಳಿದ ಧಣಿ. ಒಂದು ಕಂಬ ಹಿಡಿದು ನಿಂತ. "ಏನಿದು? ಯಾರಿವರು?" ಅಂದ.

ಅವಳು ಪ್ಯಾನೆಲ್‌ನ ಗುಂಡಿಯ ಹತ್ತಿರ ಬೆರಳಿಟ್ಟು ಇಸ್ತ್ರಿ ಸಾಹೇಬನ ಮುಖ ನೋಡಿದಳು.

"ಹೇಳಿ ಸಾರ್. ಹೋಗಿ ನೋಡಿ ಬಂದ್ರಿ. ಕೆಳಗೆ ಏನಿದೆ? ಸ್ಟೋರಾ, ಜನ ಇರೋ ಜಾಗನಾ?"

ಅವನ ತುಟಿ ಅಲ್ಲಾಡಿತು.

"ಕೇಳಿಸ್ತಿಲ್ಲ ಸಾರ್. ಗಂಟೆ ಸದ್ದು."

ಎಂಟು, ಒಂಬತ್ತು, ಹತ್ತನೇ ಅಂತಸ್ತಿನ ಗಂಟೆಗಳೂ ಶುರುವಾದವು. ಅಧಿಕಾರಿ ಪೆನ್ನು ಹಿಡಿದು ಕಾಯುತ್ತಿದ್ದ. ಇಸ್ತ್ರಿ ಸಾಹೇಬ ಎರಡೂ ಕಿವಿ ಮುಚ್ಚಿಕೊಂಡು, ಕತ್ತಿನ ನರ ಉಬ್ಬಿಸಿ, ಗಂಟಲು ಹರಿಯೋ ಹಾಗೆ ಕಿರುಚಿದ.

"ಇದ್ದಾರೆ! ಕೆಳಗೆ ಜನ ಇದ್ದಾರೆ!"

ಅಧಿಕಾರಿ ಬರೆದುಕೊಂಡ. ಅವಳು ಗುಂಡಿ ಒತ್ತಲು ಹೋದಳು. ಚಿಕ್ಕಮ್ಮ ಅವಳ ಕೈ ಹಿಡಿದು ತಡೆದಳು.

"ಇನ್ನೊಂದು ಸಲ ಹೇಳಿ ಸಾರ್," ಅಂದಳು. "ಧಣಿಗಳಿಗೆ ಕೇಳಿಸ್ಲಿಲ್ಲ."